ನೀರು ದಡದ ಮೇಲೆ ನಿಂತಿಲ್ಲ

'ತಟಸ್ಥ' ಎನ್ನುವ ಪದವನ್ನು ಬಿಡಿಸಿ ನೋಡಿ. ತಟ ಎಂದರೆ ದಡ, ಸ್ಥ ಎಂದರೆ ನಿಂತವನು. ಹೊಳೆಯಲ್ಲಿ ಇಬ್ಬರು ಸೆಳವಿಗೆ ಸಿಕ್ಕು ಒದ್ದಾಡುತ್ತಿರುವಾಗ ಬಟ್ಟೆ ಒದ್ದೆಯಾಗದಂತೆ ದಡದ ಮೇಲೆ ನಿಂತು ನೋಡುವವನು ತಟಸ್ಥ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಪದ ಮೊದಲು ಸಿಕ್ಕಿದ್ದು ಬಹುಶಃ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ. ಆಮ್ಲ ನೀಲಿ ಲಿಟ್ಮಸ್ಸನ್ನು ಕೆಂಪು ಮಾಡುತ್ತದೆ, ಪ್ರತ್ಯಾಮ್ಲ ಕೆಂಪನ್ನು ನೀಲಿ ಮಾಡುತ್ತದೆ, ಶುದ್ಧ ನೀರು ತಟಸ್ಥ. ದಡದಲ್ಲಿ ನಿಂತವನ ಹೆಸರನ್ನು ಹೊಳೆಯ ನೀರಿಗೇ ಇಟ್ಟಿದ್ದೇವಲ್ಲ ಎನ್ನುವ ತಮಾಷೆ ಆಗ ಯಾರಿಗೂ ಹೊಳೆದಿರಲಿಕ್ಕಿಲ್ಲ. ಆದರೆ ಆ ತಮಾಷೆಯೊಳಗೆ ಒಂದು ಗಂಭೀರ ಪ್ರಶ್ನೆ ಅಡಗಿದೆ. ಯಾರ ಕಡೆಗೂ ಸೇರದೆ ಇರುವುದು ಎಂದರೇನು? ಅದು ಒಂದು ಸದ್ಗುಣವೇ, ಅಥವಾ ಸದ್ಗುಣದ ವೇಷ ಹಾಕಿದ ಅನುಕೂಲವೇ?

ಊರು ಬಿಟ್ಟು ಬೇರೆ ರಾಜ್ಯಗಳಲ್ಲಿ ದುಡಿಯುವ ನಮ್ಮಂಥವರಿಗೆ ಈ ಪ್ರಶ್ನೆ ಆಗಾಗ ಎದುರಾಗುತ್ತಲೇ ಇರುತ್ತದೆ. ಆಫೀಸಿನಲ್ಲಿ ಇಬ್ಬರ ಜಗಳ ನಮ್ಮ ಮೇಜಿಗೆ ಬರುತ್ತದೆ. ಹೌಸಿಂಗ್ ಸೊಸೈಟಿಯ ಮೀಟಿಂಗಿನಲ್ಲಿ ಬಾಡಿಗೆಗೆ ಇರುವ ಬ್ಯಾಚುಲರ್ ಹುಡುಗರ ಮೇಲೆ ಹೊಸ ನಿಯಮ ಹೇರುವ ಚರ್ಚೆ ನಡೆಯುತ್ತದೆ. ಪುಣೆಯಲ್ಲಿ ಬೆಳಗಾವಿಯ ಮಾತು, ಚೆನ್ನೈಯಲ್ಲಿ ಕಾವೇರಿಯ ಮಾತು ಬರುತ್ತದೆ. "ನಾನಪ್ಪಾ ನ್ಯೂಟ್ರಲ್" ಅಂದುಬಿಟ್ಟರೆ ಅಲ್ಲಿಗೆ ಪಾರು. ಹೊರಗಿನಿಂದ ಬಂದವರಿಗೆ ಎಷ್ಟೋ ಸಲ ಅದೇ ಕ್ಷೇಮವೂ ಹೌದು, ಆದ್ದರಿಂದ ಆ ಮಾತನ್ನು ಹಗುರವಾಗಿ ಹಳಿಯಬೇಕಿಲ್ಲ. ಆದರೆ ಆ ಮಾತಿನ ಹಿಂದೆ ನಮ್ಮ ಮನಸ್ಸಿನಲ್ಲಿರುವ ಚಿತ್ರ ಯಾವುದು ಎಂದು ನೋಡಿಕೊಳ್ಳುವುದು ಒಳ್ಳೆಯದು. ಆ ಚಿತ್ರದಲ್ಲಿ ತಟಸ್ಥನ ಒಳಗೆ ಏನೂ ನಡೆಯುತ್ತಿರುವುದಿಲ್ಲ. ಅವನು ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಖಾಲಿ, ತಣ್ಣಗೆ, ಬಣ್ಣವಿಲ್ಲದೆ, ಅಂದರೆ ನಮ್ಮ ಕಣ್ಣಿಗೆ ಕಾಣುವ ಒಂದು ಲೋಟ ನೀರಿನ ಹಾಗೆ.

ನೀರು ನಿಜಕ್ಕೂ ಹಾಗಿದೆಯೇ?

ಶುದ್ಧ ನೀರಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಹರಿಯುವುದು ಅದರಲ್ಲಿ ಕರಗಿದ ಲವಣಗಳಿಂದ ಎಂದು ಓದಿದ್ದೇವೆ. ಇದು ಹೆಚ್ಚುಕಡಿಮೆ ನಿಜ. ಆ ಹೆಚ್ಚುಕಡಿಮೆ ಎಷ್ಟು ಎಂದು ಅಳೆಯಲು ಹೊರಟವರು ಜರ್ಮನಿಯ ಫ್ರೀಡ್ರಿಕ್ ಕೋಲ್‌ರಾಶ್ ಮತ್ತು ಅಡಾಲ್ಫ್ ಹೈಡ್‌ವೈಲರ್. 1894ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ನೀರನ್ನು ಗಾಳಿ ತಾಕದಂತೆ ನಿರ್ವಾತದಲ್ಲಿ ಮತ್ತೆ ಮತ್ತೆ ಬಟ್ಟಿ ಇಳಿಸಿದರು. ಕಲ್ಮಶ ಕಡಿಮೆಯಾದಂತೆ ನೀರಿನ ವಾಹಕತೆಯೂ ಇಳಿಯುತ್ತಾ ಹೋಯಿತು. ಆದರೆ ಸೊನ್ನೆಗೆ ಹೋಗಲಿಲ್ಲ. ಎಷ್ಟು ಶುದ್ಧ ಮಾಡಿದರೂ ಒಂದಿಷ್ಟು ಉಳಿದೇ ಉಳಿಯಿತು. ಇಂದಿನ ಲೆಕ್ಕದಲ್ಲಿ ಅದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಮೀಟರಿಗೆ 0.055 ಮೈಕ್ರೊಸೀಮೆನ್ಸ್. ಚಿಪ್ ತಯಾರಿಸುವ ಕಾರ್ಖಾನೆಗಳಲ್ಲಿ ಬಳಸುವ ಅತಿಶುದ್ಧ ನೀರಿನ ಗುಣಮಟ್ಟ ನೋಡುವುದೂ ಈ ಮಿತಿಯನ್ನಿಟ್ಟುಕೊಂಡೇ. ಈ ಉಳಿಕೆ ಹೊರಗಿನಿಂದ ಬಂದ ಕೊಳೆಯಲ್ಲ. ಅದು ನೀರಿನದೇ.

ನಡೆಯುವುದು ಇಷ್ಟು. ಎರಡು ನೀರಿನ ಅಣುಗಳು ಅಕ್ಕಪಕ್ಕದಲ್ಲಿರುವಾಗ, ಸುತ್ತಲಿನ ಅಣುಗಳ ತಳ್ಳಾಟದಲ್ಲಿ ಅಪರೂಪಕ್ಕೊಮ್ಮೆ ಒಂದರ ಪ್ರೋಟಾನು ಇನ್ನೊಂದಕ್ಕೆ ಜಿಗಿಯುತ್ತದೆ. ಪಡೆದದ್ದು ಹೈಡ್ರೋನಿಯಂ ಆಗುತ್ತದೆ. ಅದು ಆಮ್ಲದ ಗುರುತು. ಕೊಟ್ಟದ್ದು ಹೈಡ್ರಾಕ್ಸೈಡ್ ಆಗುತ್ತದೆ. ಅದು ಪ್ರತ್ಯಾಮ್ಲದ ಗುರುತು. ಒಂದೇ ಲೋಟದ, ಒಂದೇ ಜಾತಿಯ ಎರಡು ಅಣುಗಳು ಕ್ಷಣಮಾತ್ರದಲ್ಲಿ ಎದುರುಬದುರು ಪಕ್ಷಗಳಾಗಿಬಿಡುತ್ತವೆ. ಮತ್ತೆ ಒಂದಾಗುತ್ತವೆ. ಜರ್ಮನಿಯ ಗಟಿಂಗೆನ್‌ನಲ್ಲಿ ಮ್ಯಾನ್‌ಫ್ರೆಡ್ ಐಗೆನ್ ಮತ್ತು ಲಿಯೋ ಡಿ ಮೇಯರ್ 1950ರ ದಶಕದಲ್ಲಿ ಈ ಒಡೆಯುವ ಮತ್ತು ಕೂಡುವ ವೇಗವನ್ನು ಅಳೆದರು. ಅತಿವೇಗದ ರಾಸಾಯನಿಕ ಕ್ರಿಯೆಗಳ ಅಧ್ಯಯನಕ್ಕಾಗಿ 1967ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಐಗೆನ್ ಒಬ್ಬರು. ಅವರ ಅಳತೆಯಿಂದ ಲೆಕ್ಕ ಹಾಕಿದರೆ, ಒಂದು ನೀರಿನ ಅಣು ಸರಾಸರಿ 11 ಗಂಟೆಗೊಮ್ಮೆ ಒಡೆಯುತ್ತದೆ. ಒಡೆದ ಮೇಲೆ ಸುಮಾರು 70 ಮೈಕ್ರೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಎಪ್ಪತ್ತು ಭಾಗದಷ್ಟು ಹೊತ್ತಿನಲ್ಲಿ, ಯಾವುದಾದರೂ ಎದುರು ಅಯಾನನ್ನು ಕೂಡಿ ಮತ್ತೆ ನೀರಾಗುತ್ತದೆ. ಹಾಗಾಗಿ ಯಾವ ಗಳಿಗೆಯಲ್ಲಿ ನೋಡಿದರೂ ಸುಮಾರು 55 ಕೋಟಿ ಅಣುಗಳಿಗೆ ಒಂದು ಮಾತ್ರ ಒಡೆದ ಸ್ಥಿತಿಯಲ್ಲಿರುತ್ತದೆ. ಕೇಳಿದರೆ ಏನೂ ಇಲ್ಲವೆನ್ನಿಸುವಷ್ಟು ಸಣ್ಣ ಪ್ರಮಾಣ. ಆದರೆ ಪಿಎಚ್ 7 ಎನ್ನುವ ಅಂಕಿ ಹುಟ್ಟುವುದೇ ಈ ಸಣ್ಣ ಪ್ರಮಾಣದಿಂದ. ಲೀಟರಿಗೆ ಒಂದು ಮೋಲಿನ ಕೋಟಿಯಲ್ಲೊಂದು ಭಾಗ ಹೈಡ್ರೋನಿಯಂ, ಅಷ್ಟೇ ಹೈಡ್ರಾಕ್ಸೈಡ್. ಒಂದರ ಪಕ್ಕ ಏಳು ಸೊನ್ನೆ ಬರೆದರೆ ಕೋಟಿ. ಪಿಎಚ್‌ನ ಏಳು ಆ ಏಳು ಸೊನ್ನೆಗಳದು.

ಅಂದರೆ ನೀರಿನ ತಟಸ್ಥತೆ ಖಾಲಿತನವಲ್ಲ. ಅದರಲ್ಲಿ ಆಮ್ಲವೂ ಇದೆ, ಪ್ರತ್ಯಾಮ್ಲವೂ ಇದೆ, ಎರಡೂ ಸರಿಸಮ ಇವೆ. ಸರಿಸಮವಾಗಿರುವುದು ಯಾರೋ ಒಮ್ಮೆ ತೂಗಿ ಇಟ್ಟದ್ದರಿಂದಲ್ಲ. ಪ್ರತಿ ಗಳಿಗೆಯೂ ಒಡೆದು ಕೂಡುವ ಕೆಲಸ ನಡೆಯುತ್ತಿರುವುದರಿಂದ. ಆ ಕೆಲಸ ನಿಂತರೆ ತಟಸ್ಥ ಎನ್ನುವ ಮಾತಿಗೇ ಅರ್ಥವಿರುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಪ್ರಪಂಚ ಹೀಗಿದೆ ಎನ್ನುವ ಮಾತಿನಿಂದ ನಾವು ಹೀಗಿರಬೇಕು ಎನ್ನುವ ಮಾತಿಗೆ ಸುಮ್ಮನೆ ಜಾರಿಕೊಳ್ಳಬಾರದು ಎಂದು ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲೇ ಹೇಳಿದ್ದಾನೆ. ನೀರಿಗೆ ಮನಸ್ಸಿಲ್ಲ, ಸಂಕಟವಿಲ್ಲ, ಆಯ್ಕೆಯಿಲ್ಲ. ಅಣುಗಳು ಹೀಗೆ ನಡೆದುಕೊಳ್ಳುತ್ತವೆ, ಆದ್ದರಿಂದ ಮನುಷ್ಯರೂ ಹೀಗೆ ನಡೆದುಕೊಳ್ಳಬೇಕು ಎಂದು ವಾದಿಸಿದರೆ ಅದು ವಿಜ್ಞಾನವೂ ಅಲ್ಲ, ನೀತಿಯೂ ಅಲ್ಲ. ನನ್ನ ವಾದ ಅಷ್ಟು ದೊಡ್ಡದಲ್ಲ. ನಮ್ಮ ತಲೆಯಲ್ಲಿ ತಟಸ್ಥತೆಯ ಒಂದು ಚಿತ್ರ ಮೊದಲೇ ಕೂತಿದೆ, ಅದಕ್ಕೆ ನಾವು ಕೊಡುತ್ತಿರುವ ಸಾಕ್ಷಿಯೂ ನೀರೇ. ಆ ಸಾಕ್ಷಿಯನ್ನು ಸರಿಯಾಗಿ ವಿಚಾರಿಸಿದರೆ ಅದು ಬೇರೆಯದನ್ನೇ ಹೇಳುತ್ತಿದೆ. ಹಾಗಾದ ಮೇಲೆ ಹಳೆಯ ಚಿತ್ರವನ್ನು ಇನ್ನೊಮ್ಮೆ ಪರೀಕ್ಷಿಸುವುದು ನಮ್ಮ ಕೆಲಸ. ಆ ಪರೀಕ್ಷೆ ನಡೆಯಬೇಕಾದ್ದು ಮನುಷ್ಯರ ನಡುವೆ.

ದಡದ ಮೇಲೆ ನಿಂತವನ ಚಿತ್ರಕ್ಕೆ ಚರಿತ್ರೆಯಲ್ಲೊಂದು ಕಠಿಣ ಉದಾಹರಣೆಯಿದೆ. 1942ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಜಿನೀವಾದಲ್ಲಿ ಸೇರಿತ್ತು. ಜನರನ್ನು ಹಿಡಿದು ಸಾಗಿಸುತ್ತಿರುವುದೂ ಸೇರಿದಂತೆ ಯುದ್ಧದಲ್ಲಿ ನಡೆಯುತ್ತಿದ್ದ ಅನ್ಯಾಯಗಳ ಬಗ್ಗೆ ಬಹಿರಂಗ ಮನವಿ ಹೊರಡಿಸಬೇಕೇ ಎನ್ನುವ ಚರ್ಚೆಯಾಯಿತು. ಹೊರಡಿಸುವುದು ಬೇಡ ಎಂದು ತೀರ್ಮಾನವಾಯಿತು. ಅವರ ಕಾರಣಗಳು ಪೊಳ್ಳಾಗಿರಲಿಲ್ಲ. ಬಾಯಿಬಿಟ್ಟರೆ ಯುದ್ಧಕೈದಿಗಳ ಶಿಬಿರಗಳ ಬಾಗಿಲು ಮುಚ್ಚಬಹುದು, ನೆರವು ತಲುಪಿಸಲು ಆಗದೇ ಹೋಗಬಹುದು ಎನ್ನುವ ಅಂಜಿಕೆ ಇತ್ತು. ಆದರೆ ಆ ಮೌನ ತನ್ನ ಸೋಲಾಗಿತ್ತು ಎಂದು ದಶಕಗಳ ನಂತರ ಸಂಸ್ಥೆಯೇ ಒಪ್ಪಿಕೊಂಡಿತು. 1965ರಲ್ಲಿ ವಿಯೆನ್ನಾದಲ್ಲಿ ರೆಡ್ ಕ್ರಾಸ್ ತನ್ನ ಏಳು ಮೂಲತತ್ವಗಳನ್ನು ಘೋಷಿಸಿತು. ಅದರಲ್ಲಿ ನಿಷ್ಪಕ್ಷಪಾತ ಒಂದು, ತಟಸ್ಥತೆ ಇನ್ನೊಂದು. ನಾವು ಮಾತಿನಲ್ಲಿ ಎರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ. ನಿಷ್ಪಕ್ಷಪಾತ ಎಂದರೆ ಗಾಯಾಳು ಯಾರೇ ಆಗಲಿ, ಯಾರಿಗೆ ಹೆಚ್ಚು ಅಗತ್ಯವೋ ಅವರಿಗೆ ಮೊದಲು ನೆರವು. ತಟಸ್ಥತೆ ಎಂದರೆ ಕಾದಾಟದಲ್ಲಿ ಪಕ್ಷ ವಹಿಸದಿರುವುದು. ಎರಡನೆಯದು ಬೇಕಾದದ್ದು ಮೊದಲನೆಯದನ್ನು ಸಾಧಿಸುವುದಕ್ಕೆ. ಮೊದಲನೆಯದು ಕೈಬಿಟ್ಟುಹೋದ ಮೇಲೆ ಎರಡನೆಯದನ್ನು ಹಿಡಿದುಕೊಂಡು ಕೂತರೆ ಉಳಿಯುವುದು ದಡ ಮಾತ್ರ.

ಇದನ್ನೇ ಪಿಎಚ್‌ನ ಭಾಷೆಯಲ್ಲಿ ಹೇಳಬಹುದು. ಪಿಎಚ್ ಮಾಪಕವನ್ನು 1909ರಲ್ಲಿ ಕೊಟ್ಟವನು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸೆನ್. ಹೌದು, ಅದೇ ಬಿಯರ್ ಕಂಪನಿಯ ಪ್ರಯೋಗಾಲಯ. 7 ಎಂದರೆ ತಟಸ್ಥ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಅದು 25 ಡಿಗ್ರಿಯ ಮಾತು. ನೀರು ಬಿಸಿಯಾದಷ್ಟೂ ಅದರ ಅಣುಗಳು ಹೆಚ್ಚು ಒಡೆಯುತ್ತವೆ. ಸೊನ್ನೆ ಡಿಗ್ರಿಯಲ್ಲಿ ತಟಸ್ಥ ಬಿಂದು ಸುಮಾರು 7.5, ನಮ್ಮ ದೇಹದ 37 ಡಿಗ್ರಿಯಲ್ಲಿ 6.8, ಕುದಿಯುವ ನೀರಿನಲ್ಲಿ ಸುಮಾರು 6.1. ಕುದಿಯುವ ಶುದ್ಧ ನೀರಿನ ಪಿಎಚ್ 6.1 ಆದರೂ ಅದು ಆಮ್ಲವಲ್ಲ. ಎರಡೂ ಬಗೆಯ ಅಯಾನುಗಳು ಸಮವಾಗಿ ಹೆಚ್ಚಿವೆ, ಅಷ್ಟೆ. ತಿರುಗಿಸಿ ನೋಡಿ. 100 ಡಿಗ್ರಿಯಲ್ಲಿ ಯಾವುದಾದರೂ ದ್ರಾವಣ ಹಟ ಹಿಡಿದು 7ರಲ್ಲೇ ನಿಂತಿದ್ದರೆ, ಅದರಲ್ಲಿ ಹೈಡ್ರಾಕ್ಸೈಡ್ ಹೈಡ್ರೋನಿಯಂಗಿಂತ ಸುಮಾರು 50 ಪಟ್ಟು ಹೆಚ್ಚಿರುತ್ತದೆ. ಅದು ಪ್ರತ್ಯಾಮ್ಲದ ಕಡೆ ಸೇರಿಹೋಗಿದೆ. ತಾನು ಇದ್ದಲ್ಲಿಂದ ಒಂದಿಂಚೂ ಕದಲದೆ ಪಕ್ಷ ಬದಲಿಸಿಬಿಟ್ಟಿದೆ.

ಆಫೀಸಿನ ಜಗಳಕ್ಕೆ ಇದನ್ನು ಹಚ್ಚಿ ನೋಡಿ. ಒಂದು ರಿಲೀಸ್ ತಡವಾಗಿದೆ, ಯಾರಿಂದ ಎನ್ನುವುದು ತಕರಾರು. ಒಂದು ಕಡೆ ಹತ್ತು ವರ್ಷದಿಂದ ಇರುವ ಕಾಯಂ ನೌಕರ. ಇನ್ನೊಂದು ಕಡೆ ಮುಂದಿನ ತಿಂಗಳು ಕಾಂಟ್ರಾಕ್ಟ್ ಮುಗಿಯುವ ಟೆಸ್ಟಿಂಗ್ ಹುಡುಗಿ. ಮ್ಯಾನೇಜರ್ ಇಬ್ಬರನ್ನೂ ಒಂದೇ ರೂಮಿನಲ್ಲಿ ಕೂರಿಸಿ, ಇಬ್ಬರಿಗೂ ಐದೈದು ನಿಮಿಷ ಕೊಟ್ಟು, "ನನಗೆ ಇಬ್ಬರೂ ಒಂದೇ, ಹೇಳಿ" ಅನ್ನುತ್ತಾನೆ. ಆತ ಐದು ನಿಮಿಷವನ್ನು ಏಳಾಗಿಸುತ್ತಾನೆ. ಆಕೆ, "ಏನೂ ಪ್ರಾಬ್ಲಮ್ ಇಲ್ಲ ಸರ್, ಮುಂದೆ ನೋಡ್ಕೋತೀವಿ" ಅನ್ನುತ್ತಾಳೆ. ಮೀಟಿಂಗ್ ಮುಗಿಯಿತು. ಮ್ಯಾನೇಜರ್ ತಟಸ್ಥನಾಗಿದ್ದನೇ? ಗಡಿಯಾರದ ಪ್ರಕಾರ ಹೌದು. ಆದರೆ ಆ ರೂಮು 25 ಡಿಗ್ರಿಯಲ್ಲಿ ಇರಲಿಲ್ಲ. ಒಬ್ಬರಿಗೆ ಕಳೆದುಕೊಳ್ಳಲು ಏನೂ ಇಲ್ಲದ, ಇನ್ನೊಬ್ಬರಿಗೆ ತಿಂಗಳ ಸಂಬಳವೇ ಪಣಕ್ಕಿರುವ ಜಾಗದಲ್ಲಿ ನಡುಗೆರೆ ಗೋಡೆಯ ಮೇಲೆ ಬರೆದಿಟ್ಟ ಕಡೆ ಇರುವುದಿಲ್ಲ. ಅದನ್ನು ಪ್ರತಿ ಸಲ ಹುಡುಕಬೇಕು. ಆಕೆಯ ಜೊತೆ ಬೇರೆಯಾಗಿ ಅರ್ಧ ಗಂಟೆ ಕೂತು, ಬಗ್ ರಿಪೋರ್ಟುಗಳ ತಾರೀಖು ಒಂದೊಂದಾಗಿ ನೋಡಿದರೆ ಅದನ್ನು ಪಕ್ಷಪಾತ ಎನ್ನುವವರು ಇರುತ್ತಾರೆ. ಆ ಅರ್ಧ ಗಂಟೆಯಲ್ಲಿ ತಪ್ಪು ಆಕೆಯದೇ ಎಂದು ಗೊತ್ತಾಗಲೂಬಹುದು. ಹಾಗಾದರೂ ಅದು ತಟಸ್ಥತೆಯ ಕೆಲಸವೇ.

ನೀರಿನ ಇನ್ನೊಂದು ಗುಣವನ್ನೂ ಗಮನಿಸಬೇಕು. ಒಂದು ವಸ್ತು ಆಮ್ಲವೋ ಪ್ರತ್ಯಾಮ್ಲವೋ ಎಂಬುದು ಅದು ಪ್ರೋಟಾನನ್ನು ಕೊಡುತ್ತದೆಯೋ ಪಡೆಯುತ್ತದೆಯೋ ಎನ್ನುವುದರ ಮೇಲೆ ನಿಂತಿದೆ ಎಂದು 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ ಬೇರೆಬೇರೆಯಾಗಿ ಹೇಳಿದರು. ಅಮೋನಿಯಾದ ಎದುರು ನೀರು ಆಮ್ಲ, ಹೈಡ್ರೊಕ್ಲೋರಿಕ್ ಆಮ್ಲದ ಎದುರು ಅದೇ ನೀರು ಪ್ರತ್ಯಾಮ್ಲ. ಊರು ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾರವಾಡದವನು ಬೆಂಗಳೂರಿನಲ್ಲಿ 'ಉತ್ತರ ಕರ್ನಾಟಕದವನು', ಪುಣೆಯಲ್ಲಿ 'ಸೌತ್ ಇಂಡಿಯನ್', ಚೆನ್ನೈಯಲ್ಲಿ ಹಿಂದಿ ಬಲ್ಲವನೆಂಬ ಕಾರಣಕ್ಕೆ 'ನಾರ್ತ್ ಕಡೆಯವನು'. ಎದುರಿಗೆ ಯಾರಿದ್ದಾರೆ ಎನ್ನುವುದರ ಮೇಲೆ ನಮ್ಮ ಗುರುತು ಬದಲಾಗುತ್ತದೆ.

ಎಷ್ಟು ಬದಲಾದರೂ ಒಂದು ನಿಯಮ ಮಾತ್ರ ಉಳಿಯುತ್ತದೆ. ಒಂದೇ ಉಷ್ಣತೆಯಲ್ಲಿ, ತೆಳುವಾದ ದ್ರಾವಣಗಳಲ್ಲಿ, ಹೈಡ್ರೋನಿಯಂ ಮತ್ತು ಹೈಡ್ರಾಕ್ಸೈಡ್‌ಗಳ ಸಾಂದ್ರತೆಯ ಗುಣಲಬ್ಧ ಬದಲಾಗುವುದಿಲ್ಲ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಇಳಿಯುತ್ತದೆ, ಆದರೆ ಸೊನ್ನೆಯಾಗುವುದಿಲ್ಲ; ಗುಣಲಬ್ಧ ಇರುವತನಕ ಯಾವುದೂ ಸೊನ್ನೆಯಾಗಲು ಸಾಧ್ಯವಿಲ್ಲ. ಪಿಎಚ್ 1 ಇರುವ ಉಗ್ರ ಆಮ್ಲದ ಒಂದು ಲೀಟರಿನಲ್ಲೂ ಸುಮಾರು 6,000 ಕೋಟಿ ಹೈಡ್ರಾಕ್ಸೈಡ್ ಅಯಾನುಗಳು ಇರುತ್ತವೆ. ಲಿಟ್ಮಸ್ ಅದನ್ನು ತೋರಿಸುವುದಿಲ್ಲ. ಮನುಷ್ಯರ ವಿಷಯದಲ್ಲಿ ಇದಕ್ಕೆ ಗಣಿತದ ಖಾತ್ರಿಯಿಲ್ಲ, ನಿಜ. ಆದರೂ ತೀರಾ ಎದುರು ಪಕ್ಷ ಎಂದು ನಾವು ಕೈಬಿಟ್ಟವರ ಒಳಗೆ ನಮ್ಮ ಮಾತಿನ ಒಂದಂಶವೂ ಉಳಿದಿಲ್ಲ ಎಂದು ತೀರ್ಪು ಕೊಡುವ ಮುನ್ನ, ನಾವು ಹಿಡಿದಿರುವುದು ಲಿಟ್ಮಸ್ ಕಾಗದವೋ ಅದಕ್ಕಿಂತ ಸೂಕ್ಷ್ಮವಾದ ಮಾಪಕವೋ ಎಂದು ಕೇಳಿಕೊಳ್ಳಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಶುದ್ಧ ನೀರನ್ನು ಆದರ್ಶವೆಂದು ಎತ್ತಿ ಹಿಡಿಯಲು ನನಗೆ ಮನಸ್ಸಿಲ್ಲ. ಏಕೆಂದರೆ ಅದು ತಟಸ್ಥ ಹೌದು, ಗಟ್ಟಿ ಅಲ್ಲ. ಒಂದು ಲೀಟರ್ ಶುದ್ಧ ನೀರಿಗೆ 1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದ ಒಂದೇ ಒಂದು ಹನಿ ಬಿದ್ದರೆ ಪಿಎಚ್ 7ರಿಂದ ಸುಮಾರು 4.3ಕ್ಕೆ ಕುಸಿಯುತ್ತದೆ; ಹೈಡ್ರೋನಿಯಂ 500 ಪಟ್ಟು ಏರುತ್ತದೆ. ಹನಿಯೂ ಬೇಡ, ಲೋಟವನ್ನು ಗಾಳಿಗೆ ತೆರೆದಿಟ್ಟರೂ ಸಾಕು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಪಿಎಚ್ 5.6ರ ಹತ್ತಿರ ಬಂದು ನಿಲ್ಲುತ್ತದೆ. ಯಾರೂ ಏನೂ ಬೆರೆಸಲಿಲ್ಲ, ಸುತ್ತಲಿನ ಗಾಳಿಯೇ ಅದನ್ನು ಒಂದು ಕಡೆಗೆ ವಾಲಿಸಿತು. ವಾಟ್ಸಾಪ್ ಗುಂಪುಗಳಲ್ಲಿ ಇಂಥದ್ದು ದಿನಾ ನಡೆಯುತ್ತದೆ. ಯಾವ ವಿಷಯದಲ್ಲೂ ಅಭಿಪ್ರಾಯವಿಲ್ಲದ ಸಜ್ಜನರು ಆರು ತಿಂಗಳಲ್ಲಿ ಆ ಗುಂಪಿನ ಗಾಳಿಯ ಬಣ್ಣಕ್ಕೆ ತಿರುಗಿರುತ್ತಾರೆ, ತಮಗೇ ಗೊತ್ತಿಲ್ಲದಂತೆ.

ನಮ್ಮ ರಕ್ತದ ರೀತಿ ಬೇರೆ. ಅದು ತಟಸ್ಥವೇ ಅಲ್ಲ. ಅದರ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ. 37 ಡಿಗ್ರಿಯ ತಟಸ್ಥ ಬಿಂದು 6.8 ಎಂದು ನೆನಪಿಟ್ಟುಕೊಂಡರೆ ರಕ್ತ ಸ್ಪಷ್ಟವಾಗಿ ಪ್ರತ್ಯಾಮ್ಲದ ಕಡೆಯದು. ಆದರೆ ಮೇಲೆ ಹೇಳಿದ ಆ ಒಂದು ಹನಿ ಒಂದು ಲೀಟರ್ ರಕ್ತಕ್ಕೆ ಬಿದ್ದರೆ ಪಿಎಚ್ ಅಲ್ಲಾಡುವುದು ಹೆಚ್ಚೆಂದರೆ ಎರಡನೆಯ ದಶಮಾಂಶ ಸ್ಥಾನದಲ್ಲಿ. ಕಾರಣ, ಅದರಲ್ಲಿ ಒಂದು ಜೋಡಿ ಇದೆ: ಬೈಕಾರ್ಬನೇಟ್ ಮತ್ತು ಕಾರ್ಬಾನಿಕ್ ಆಮ್ಲ. ಆಮ್ಲ ಬಂದರೆ ಬೈಕಾರ್ಬನೇಟ್ ಅದನ್ನು ಹೀರಿಕೊಳ್ಳುತ್ತದೆ, ಪ್ರತ್ಯಾಮ್ಲ ಬಂದರೆ ಕಾರ್ಬಾನಿಕ್ ಆಮ್ಲ ಅದಕ್ಕೆ ಎದುರಾಗುತ್ತದೆ. ಇದನ್ನೇ ಬಫರ್ ಎನ್ನುವುದು. ಈ ಜೋಡಿಯೂ ಸಮಸಮ ಇಲ್ಲ. ಬೈಕಾರ್ಬನೇಟ್ ಸುಮಾರು ಇಪ್ಪತ್ತು ಪಾಲು ಇದ್ದರೆ ಕಾರ್ಬಾನಿಕ್ ಆಮ್ಲ ಒಂದು ಪಾಲು. ಬಫರ್ ತಾನಾಗಿಯೇ ಉಳಿಯುವುದೂ ಇಲ್ಲ. ಪ್ರತಿ ಉಸಿರಿನಲ್ಲಿ ಶ್ವಾಸಕೋಶ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುತ್ತಿರಬೇಕು, ಮೂತ್ರಪಿಂಡಗಳು ಬೈಕಾರ್ಬನೇಟನ್ನು ಮರಳಿಸುತ್ತಿರಬೇಕು. ಅದಕ್ಕೆ ಮಿತಿಯೂ ಇದೆ. ಮಿತಿ ಮೀರಿದ ದಿನ ಮನುಷ್ಯ ಆಸ್ಪತ್ರೆಯಲ್ಲಿರುತ್ತಾನೆ.

ಹೀಗೆ ನೋಡಿದರೆ ಪ್ರಶ್ನೆಯೇ ಬದಲಾಗುತ್ತದೆ. ನಾನು ಯಾವ ಪಕ್ಷಕ್ಕೂ ಸೇರದಿರುವುದು ಹೇಗೆ ಎಂದು ಕೇಳುವ ಬದಲು, ನನ್ನ ಪಕ್ಷ ನನಗಿದ್ದೂ ಒಂದು ಹನಿಗೆ ಕುಸಿಯದಂತೆ ಇರುವುದು ಹೇಗೆ ಎಂದು ಕೇಳಬೇಕಾಗುತ್ತದೆ. ಅದಕ್ಕೆ ಬೇಕಾದದ್ದು ಎದುರು ಕಡೆಯ ಸತ್ಯವನ್ನೂ ಒಂದಷ್ಟು ಪಾಲಾದರೂ ನಮ್ಮೊಳಗೆ ಇಟ್ಟುಕೊಂಡಿರುವುದು. ಸಮ ಪಾಲು ಇರಬೇಕೆಂದೇನೂ ಇಲ್ಲ, ಸೊನ್ನೆ ಇರಬಾರದು.

ಮಳೆ ಕೈಕೊಟ್ಟ ವರ್ಷಗಳಲ್ಲಿ ಚೆನ್ನೈಯ ಕನ್ನಡಿಗನಿಗೆ ಕ್ಯಾಂಟೀನಿನಲ್ಲಿ ಒಂದು ಪ್ರಶ್ನೆ ತಪ್ಪಿದ್ದಲ್ಲ: "ಸಾರ್, ನೀಂಗ ಯಾರ್ ಪಕ್ಕಂ?" ಯಾರ ಕಡೆ ನೀವು? "ಅದೆಲ್ಲ ಪಾಲಿಟಿಕ್ಸ್ ಬಿಡಿ" ಎಂದು ತಟ್ಟೆಯ ಕಡೆ ನೋಡಬಹುದು. ಇಲ್ಲವೇ ಸಿಟ್ಟಿಗೆದ್ದು ಟಿವಿ ಚಾನೆಲ್ಲಿನ ಮಾತನ್ನು ಒಪ್ಪಿಸಬಹುದು. ಮೂರನೆಯ ದಾರಿಗೆ ಸ್ವಲ್ಪ ಓದು ಬೇಕು. ಮೆಟ್ಟೂರು ಅಣೆಕಟ್ಟಿನ ಬಾಗಿಲನ್ನು ಜೂನ್ 12ಕ್ಕೆ ತೆರೆಯುವ ವಾಡಿಕೆ ಯಾಕಿದೆ, ತಂಜಾವೂರಿನ ಕುರುವೈ ಬೆಳೆಗೆ ಆ ತಾರೀಖು ತಪ್ಪಿದರೆ ಏನಾಗುತ್ತದೆ ಎಂದು ಗೊತ್ತಿರಬೇಕು. ಕೆಆರ್‌ಎಸ್ ತುಂಬದ ವರ್ಷ ಮಂಡ್ಯದ ರೈತ ಒಣಗಿದ ಕಬ್ಬಿನ ಮುಂದೆ ನಿಲ್ಲುವುದು ಹೇಗೆ ಎನ್ನುವುದೂ ಗೊತ್ತಿರಬೇಕು. ನ್ಯಾಯಮಂಡಳಿ 2007ರಲ್ಲಿ ಕರ್ನಾಟಕ ಬಿಡಬೇಕೆಂದಿದ್ದ 192 ಟಿಎಂಸಿಯನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ 177.25ಕ್ಕೆ ಇಳಿಸಿತು. ಉಳಿದದ್ದರಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿನ ಕುಡಿಯುವ ನೀರಿಗೆಂದು ಹೇಳಿತು, ನದಿ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ ಎಂದೂ ಹೇಳಿತು. ಇಷ್ಟು ತಿಳಿದವನು, "ನಾನು ಕಾವೇರಿ ಸೀಮೆಯವನು, ನನ್ನ ಮನಸ್ಸು ಮಂಡ್ಯದ ಕಡೆ ವಾಲುತ್ತದೆ. ಆದರೆ ನಿಮ್ಮ ಡೆಲ್ಟಾದ ರೈತ ಕೇಳುವುದು ಸುಳ್ಳಲ್ಲ" ಎಂದು ಹೇಳಬಲ್ಲ. ಇದನ್ನು ಹೇಳಿದರೆ ಊರಿನವರಿಗೂ ಪೂರ್ತಿ ಸಮಾಧಾನವಿಲ್ಲ, ಕ್ಯಾಂಟೀನಿನವರಿಗೂ ಇಲ್ಲ. ಸಂಜೆ ಟಿವಿಯಲ್ಲಿ ಬಸ್ಸಿಗೆ ಬೆಂಕಿ ಬಿದ್ದ ದೃಶ್ಯ ಬಂದಾಗ ಮಾತ್ರ ಈ ಉತ್ತರದ ಬೆಲೆ ತಿಳಿಯುತ್ತದೆ. ತಟ್ಟೆ ನೋಡಿಕೊಂಡು ಕೂತವರು ಆ ಒಂದು ಹನಿಗೆ ಬಣ್ಣ ಬದಲಿಸಿರುತ್ತಾರೆ. ಎರಡೂ ಕಡೆಯ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡವನು ಮಾರನೆಯ ದಿನವೂ ಅದೇ ಸಹೋದ್ಯೋಗಿಯ ಜೊತೆ ಊಟಕ್ಕೆ ಕೂರಬಲ್ಲ.

ಕನ್ನಡದಲ್ಲಿ 'ನ್ಯೂಟ್ರಲ್'ಗೆ 'ತಟಸ್ಥ'ಕ್ಕಿಂತ ಒಳ್ಳೆಯ ಪದ ಬೇಕು ಎಂದು ನಾನು ಕೇಳುತ್ತಿಲ್ಲ. ಅದು ಬಳಕೆಯಲ್ಲಿ ಗಟ್ಟಿಯಾಗಿ ನಿಂತುಬಿಟ್ಟಿದೆ, ಇರಲಿ. ಯಾರಾದರೂ ಆ ಪದವನ್ನು ತಮ್ಮ ಬಗ್ಗೆ ಹೇಳಿಕೊಂಡಾಗ, ಅಥವಾ ನಾವೇ ಹೇಳಿಕೊಳ್ಳಲು ಬಾಯಿ ತೆರೆದಾಗ, ಎರಡು ವಿಷಯ ಕೇಳಿಕೊಂಡರೆ ಸಾಕು. ಈ ಕೋಣೆಯ ಉಷ್ಣತೆ ಈಗ ಎಷ್ಟಿದೆ? ನನ್ನೊಳಗೆ ಎದುರಿನವರ ಪಾಲು ಎಷ್ಟು ಉಳಿದಿದೆ? ಇವೆರಡಕ್ಕೂ ಉತ್ತರವಿಲ್ಲದಿದ್ದರೆ ನಾವು ನೀರಿನ ಹಾಗೆ ತಟಸ್ಥರಲ್ಲ, ದಡದ ಮೇಲಿದ್ದೇವೆ, ಅಷ್ಟೆ.